ಅಳೀಬೋದಾ?

ಬಿಂದುಶ್ರೀಯ ಪಿಎಚ್.ಡಿ. ವಿಷಯ ಕೇಳಿದವರು ಮೊದಲು ನಗುತ್ತಿದ್ದರು. ಕೆಲಸದ ಜಾಗದಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಕಾಲ ಕಳೆದಂತೆ ಅದು ಹೇಗೆ ಬದಲಾಗಿದೆ ಎನ್ನುವುದೇ ಅವಳ ಅಧ್ಯಯನ. ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ಮೂರು ತಿಂಗಳು ಕೂತೆದ್ದು, ಈಗ ಹಿರೀಸಾವೆ ಹತ್ತಿರದ ಹಳ್ಳಿಯೊಂದರ ಹಾಲಿನ ಡೈರಿಗೆ ಬಂದಿದ್ದಳು. ಚನ್ನರಾಯಪಟ್ಟಣದ ಚಿಕ್ಕಮ್ಮನ ಮನೆಯಿಂದ ಬೆಳಗಿನ ಬಸ್ಸು ಹಿಡಿಯುವಳು. ಎಲ್ಲರ ಒಪ್ಪಿಗೆ ಪಡೆದು ಮೇಜಿನ ಮೇಲೆ ರೆಕಾರ್ಡರ್ ಇಟ್ಟು, ಮೂಲೆಯ ಸ್ಟೂಲಿನ ಮೇಲೆ ಕೂತು ಬರೆದುಕೊಳ್ಳುವಳು.

ಡೈರಿಯ ಸೆಕ್ರೆಟ್ರಿ ಮಾಯಮ್ಮ, ಊರ ಕೊನೆಯ ಕೇರಿಯವಳು. ನಾಲ್ಕು ವರ್ಷದ ಹಿಂದೆ ಆ ಕುರ್ಚಿಯಲ್ಲಿ ಕೂತವಳು. ಕ್ಯೂನಲ್ಲಿ ನಿಂತವರು ಅವಳನ್ನು ಅಕ್ಕ, ಅತ್ತೆ, ಮೇಡಂ, ಸೆಕ್ರೆಟ್ರಮ್ಮ ಎಂದೆಲ್ಲ ಕರೆಯುತ್ತಿದ್ದರು. ಬಿಂದುಶ್ರೀ ಎಲ್ಲವನ್ನೂ ಒಂದೊಂದು ಕಾಲಮ್ಮಿಗೆ ಹಾಕುತ್ತಿದ್ದಳು. ಚನ್ನಪ್ಪನ ಕಾಲಮ್ಮು ಮಾತ್ರ ಖಾಲಿ ಉಳಿದಿತ್ತು.

ಚನ್ನಪ್ಪ ಊರಿನ ದೊಡ್ಡ ಜಮೀನುದಾರ, ಡೈರಿ ನಡೆಸುವ ಸಂಘದ ನಿರ್ದೇಶಕ. ದಿನಾ ಎರಡು ಹೊತ್ತೂ ಬರುತ್ತಿದ್ದ, ಮಾತೂ ಆಡುತ್ತಿದ್ದ. ಆದರೂ ಯಾಕೆ ಖಾಲಿ? ಒಂದು ಮಧ್ಯಾಹ್ನ ಅವನ ಮಾತುಗಳನ್ನಷ್ಟೇ ಆರಿಸಿ ಕೇಳಿದಳು.

"ಅಳೀಬೋದಾ?"

"ಬರ್ದಾಯ್ತಾ?"

"ಹಾಲಿನ ಡಿಗ್ರಿ ಎಷ್ಟ್ ತೋರ್ಸ್ತು?"

ಬಿಂದುಶ್ರೀ ನೆಟ್ಟಗೆ ಕೂತಳು. ಅಳಿ ಎಂದರೆ ಏಕವಚನ, ಅಳೀರಿ ಎಂದರೆ ಬಹುವಚನ. ಚನ್ನಪ್ಪ ಎರಡನ್ನೂ ಬಿಟ್ಟು ನಡುವೆ ನುಸುಳಿಕೊಂಡು ಹೋಗುತ್ತಿದ್ದ. ಎರಡು ತಿಂಗಳ ರೆಕಾರ್ಡಿಂಗಿನಲ್ಲಿ ಅವನ ಬಾಯಿಂದ ಮಾಯಮ್ಮನಿಗೆ ಒಂದು 'ನೀನು' ಬಂದಿರಲಿಲ್ಲ, ಒಂದು 'ನೀವು' ಕೂಡ ಬಂದಿರಲಿಲ್ಲ!

ಅವಳ ಗೈಡ್ ಶಾಂತರಾಜು ಫೋನಿನಲ್ಲಿ ಕೇಳಿ, "ಕಾರಣ ನೀನೇ ಊಹಿಸ್ಕೋಬೇಡ ಬಿಂದು. ಇಬ್ಬರನ್ನೂ ಕೇಳು" ಎಂದರು.

ಮಾಯಮ್ಮ ಕ್ಯಾನು ತೊಳೆಯುತ್ತ ನಕ್ಕುಬಿಟ್ಟಳು. "ಅದ ಕಂಡಿಡ್ಯಕ್ಕೆ ಎರಡ್ ತಿಂಗ್ಳು ಬೇಕಾಯ್ತೇನವ್ವಾ? ಅವ್ರ ಗದ್ದೆಗೆ ನಾಟಿಗೆ ಓಯ್ತಿದ್ದಾಗ 'ಲೇ ಮಾಯಿ' ಅಂತಿದ್ರು. ನಾನು ಈ ಕುರ್ಚೀಲಿ ಕೂತ ದಿವ್ಸ ಕ್ಯಾನ್ ಇಡ್ಕಂಡು ಬಂದ್ರು. ಬಾಯಿ ತಗದ್ರು, ಮಾತೇ ಬರ್ಲಿಲ್ಲ. ಆಮೇಲೆ 'ಅಳೀಬೋದಾ' ಅಂದ್ರು ನೋಡು, ಅವತ್ತಿಂದ ಅಂಗೇಯ."

"ಬೇಜಾರಾಗಲ್ವಾ ಅಕ್ಕ?"

"ಲೇ ಅನ್ನದ ನುಂಗ್ಕಂಡ್ರಲ್ಲ, ಅದೊಂದು ಒಳ್ಳೇದೆಯ. ಆದ್ರೆ ನುಂಗ್ಕಂಡ ಜಾಗಕ್ಕೆ ಇನ್ನೊಂದ ತಂದು ಇಡ್ಲಿಲ್ಲ ಕಣವ್ವ."

ಚನ್ನಪ್ಪನನ್ನು ಕೇಳಲು ಧೈರ್ಯ ಮಾಡಿಕೊಳ್ಳಲು ಬಿಂದುಶ್ರೀಗೆ ನಾಲ್ಕು ದಿನ ಬೇಕಾಯಿತು. ಸಂಜೆ ಹಾಲು ಹಾಕಿ ಜಗಲಿಯ ಮೇಲೆ ಕೂತಿದ್ದವನು, "ಅಂಗೇನಿಲ್ಲ ಮೇಡಂ" ಎಂದು ಎದ್ದೇ ಹೋದ. ಮರುದಿನ ತಾನೇ ಬಂದು, ದನಿ ತಗ್ಗಿಸಿ ಹೇಳಿದ: "ನೀನು ಅನ್ನಕ್ಕೆ ಈಗ ಬಾಯಿ ಬರಲ್ಲ. ಆವಮ್ಮ ಓದ್ದೋಳು, ಲೆಕ್ಕದೋಳು. ನೀವು ಅಂದ್ರೆ ಹಿಂದ್ಗಡೆ ಕ್ಯೂನಲ್ಲಿ ನಿಂತವ್ರು ಏನನ್ಕತಾರೆ ಏಳಿ?"

ಬಿಂದುಶ್ರೀ ಅಲ್ಲಿಯವರೆಗೆ ಹೇಳುವವರನ್ನೂ ಹೇಳಿಸಿಕೊಳ್ಳುವವರನ್ನೂ ಬರೆದುಕೊಂಡಿದ್ದಳೇ ಹೊರತು, ಸುಮ್ಮನೆ ನಿಂತು ಕೇಳಿಸಿಕೊಳ್ಳುವವರನ್ನು ಬರೆದಿರಲಿಲ್ಲ. ಆ ರಾತ್ರಿ ಪುಸ್ತಕದಲ್ಲಿ ಅವರಿಗೊಂದು ಹೊಸ ಕಾಲಮ್ಮು ಎಳೆದಳು.

ಮುಂದಿನ ವಾರ ಮಾಯಮ್ಮ ತರಬೇತಿಗೆಂದು ಹಾಸನಕ್ಕೆ ಹೋದಳು. ಬದಲಿಗೆ ಕೂತ ಡೈರಿಯ ಸಹಾಯಕಿ ರೂಪಶ್ರೀಗೆ ಫ್ಯಾಟ್ ನೋಡುವ ಮಿಷನ್ ಕೈಕೊಟ್ಟಿತು. ತೆರೆಯ ಮೇಲೆ ಒಂದೇ ಅಂಕಿ ನಿಂತುಬಿಟ್ಟಿತ್ತು. ಹಾಲಿನ ಲಾರಿ ಬರಲು ಇನ್ನು ಇಪ್ಪತ್ತು ನಿಮಿಷ, ಕ್ಯೂನಲ್ಲಿ ಮೂವತ್ತು ಜನ.

"ಸೆಕ್ರೆಟ್ರಮ್ಮಂಗೆ ಫೋನ್ ಮಾಡಿ, ಡೈರೆಕ್ಟ್ರು ಅಲ್ವಾ ನೀವು" ಎಂದಳು ರೂಪಶ್ರೀ.

ಚನ್ನಪ್ಪ ನಂಬರು ಒತ್ತಿ, ರಿಂಗಾಗುವಾಗಲೇ ಫೋನನ್ನು ಬಿಂದುಶ್ರೀಯತ್ತ ಚಾಚಿದ. "ನೀವೇ ಮಾತಾಡಿ ಮೇಡಂ."

"ಮಿಷನ್ ವಿಷಯ ನನಗೇನೂ ಗೊತ್ತಿಲ್ಲ, ಯಜಮಾನ್ರೆ." ಅದು ನಿಜವೂ ಆಗಿತ್ತು.

ಅತ್ತಲಿಂದ "ಹಲೋ" ಕೇಳಿಸಿತು. ಎಲ್ಲರಿಗೂ ಕೇಳಲೆಂದು ರೂಪಶ್ರೀ ಸ್ಪೀಕರ್ ಹಾಕಿಬಿಟ್ಟಳು. ಎದುರಿಗೆ ಮುಖವಿಲ್ಲ, ಕ್ಯಾನಿಲ್ಲ. ಯಾರೊಂದಿಗೆ ಮಾತು ಎಂದು ಹೇಳದೆ ಶುರುಮಾಡುವಂತಿಲ್ಲ. ಚನ್ನಪ್ಪ ಒಮ್ಮೆ ಕ್ಯೂನತ್ತ ತಿರುಗಿ ನೋಡಿದ.

"ಹಲೋ... ಮಾಯಮ್ಮೋರಾ?"

ಬಿಂದುಶ್ರೀ ಬರೆಯುವುದನ್ನೂ ಮರೆತು ಕ್ಯೂನಲ್ಲಿದ್ದವರ ಮುಖ ನೋಡಿದಳು. ಯಾರೂ ಹುಬ್ಬೇರಿಸಲಿಲ್ಲ. ಹಿಂದಿದ್ದ ಸುವರ್ಣಮ್ಮ, "ಜಲ್ದಿ ಕೇಳಣ್ಣೋ, ಲಾರಿ ಬಂದ್ಬುಡ್ತದೆ!" ಎಂದು ಗದರಿದಳು.

ಸ್ಪೀಕರಿನಲ್ಲಿ ಮಾಯಮ್ಮನ ದನಿ ಬಂತು: "ಏಳಿ ಚನ್ನಪ್ನೋರೆ, ಏನಾಯ್ತು?"

ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂದು ಮಾಯಮ್ಮ ಹೇಳಿದಳು, ಚನ್ನಪ್ಪ ಅದನ್ನೇ ತಿರುಗಿ ಹೇಳಿದ, ರೂಪಶ್ರೀ ಒತ್ತಿದಳು. ಲಾರಿ ಬರುವಷ್ಟರಲ್ಲಿ ಕೊನೆಯ ಕ್ಯಾನೂ ಖಾಲಿಯಾಯಿತು.

ಎರಡು ದಿನ ಬಿಟ್ಟು ಮಾಯಮ್ಮ ಕುರ್ಚಿಗೆ ಮರಳಿದಳು. ಬಿಂದುಶ್ರೀ ಅವತ್ತು ಅರ್ಧ ಗಂಟೆ ಮೊದಲೇ ಬಂದಿದ್ದಳು. ಚನ್ನಪ್ಪ ಕ್ಯಾನು ಎತ್ತಿಟ್ಟು ಕೆಮ್ಮಿದ.

"ಮಿಷನ್ ಈಗ ಸರಿಯಾಗೈತೆ ಕಣಮ್ಮ," ಎಂದ.

ಮಾಯಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಹಾಲು ಅಳೆದು ಬರೆದುಕೊಂಡಳು.

ಕ್ಯೂ ಕರಗಿದ ಮೇಲೆ ಬಿಂದುಶ್ರೀ ಸ್ಟೂಲನ್ನು ಹತ್ತಿರಕ್ಕೆ ಎಳೆದಳು. "ಅಕ್ಕ, ಹೇಗನ್ನಿಸ್ತು?"

"ಗೊತ್ತಾಗ್ಲಿಲ್ಲ ಕಣವ್ವ," ಮಾಯಮ್ಮ ಕೈ ಒರೆಸಿಕೊಳ್ಳುತ್ತ ಹೇಳಿದಳು. "ನಾಳೀಕೂ 'ಕಣಮ್ಮ' ಅಂತಾರಾ ನೋಡಾನ. ನೀನು ನಾಳೆ ಬತ್ತೀಯ ತಾನೆ?"