ಟ್ರಂಕಿನಲ್ಲಿ ಇಲ್ಲದ ರಾವಸಾಹೇಬ

ಇನ್ನೊಬ್ಬರ ದನಿ ತೆಗೆದು ಅಣಕಿಸುವುದು ನನ್ನ ಚಟ. ಹಾಗಾಗಿ ನಿಪ್ಪಾಣಿಯಲ್ಲಿ ನನ್ನ ಮಾತನ್ನು ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಇದು ಮಾತ್ರ ಖರೆ ನಡೆದದ್ದು. ನನ್ನ ದನಿಯಲ್ಲೇ ಹೇಳುತ್ತೇನೆ. ಮೂಗಿನಿಂದ ಮಾತಾಡುವ ಶಿವರಾಜರು ಕತೆಯಲ್ಲಿ ಬಂದಾಗ ಮಾತ್ರ ನಾನು ಮೂಗು ಹಿಡಿದುಕೊಂಡರೆ ಕ್ಷಮಿಸಬೇಕು.

ನಮ್ಮ ಚರ್ಚಿಗೆ ಎಪ್ಪತ್ತೈದು ತುಂಬಿತು. ಪ್ರತಿ ಕ್ರಿಸ್‌ಮಸ್ಸಿಗೆ ನಡೆಯುವ ಗಾಯನ ಸಂಜೆಯಲ್ಲಿ ಇಷ್ಟು ವರ್ಷ ಹಾಡಿದವರಿಗೆ, ನುಡಿಸಿದವರಿಗೆ ಶಾಲು ಹೊದಿಸಬೇಕೆಂದು ಕಮಿಟಿ ಠರಾವು ಮಾಡಿತು. ಮರುದಿನವೇ ಊರ ತುಂಬ ಗಾಯಕರು ಹುಟ್ಟಿಕೊಂಡರು. ಕೆಮ್ಮಿದರೂ ಅಪಸ್ವರ ಬರುವವರು ತಾವೂ ಹಾಡಿದ್ದೆವು ಎಂದು ಬಂದರು. ಅಧ್ಯಕ್ಷ ಶಿವರಾಜರು ನಿವೃತ್ತ ತಲಾಟಿ, ಅಂದರೆ ಗ್ರಾಮಲೆಕ್ಕಿಗ; ಕಾಗದವಿಲ್ಲದೆ ಸ್ವಂತ ಹೆಂಡತಿಯನ್ನೂ ಒಪ್ಪುವವರಲ್ಲ. ಮೂಗಿನಿಂದಲೇ ಅಪ್ಪಣೆ ಹೊರಟಿತು: “ಕಾರ್ಯಕ್ರಮ ಪತ್ರಿಕ್ಯಾಗ ಹೆಸರ ಛಾಪ ಆಗಿರಬೇಕು. ಇಲ್ಲಂದ್ರ ಶಾಲು ಇಲ್ಲ.”

ಹಳೆಯ ಪತ್ರಿಕೆಗಳೆಲ್ಲ ಇದ್ದದ್ದು ರಾವಸಾಹೇಬ ಕಾಕಾನ ಟ್ರಂಕಿನಲ್ಲಿ. ನಲವತ್ತು ವರ್ಷ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸಿದವರು ಅವರೇ. ಮೂರು ಭಾನುವಾರ ನಾನೂ ಅವರೂ ಅವರ ಹೆಸರು ಹುಡುಕಿದೆವು. ಅಧ್ಯಕ್ಷತೆ ಇತ್ತು, ಉದ್ಘಾಟನೆ ಇತ್ತು, ದೀಪ ಪ್ರಜ್ವಲನ ಇತ್ತು. ಪ್ರಮುಖ ಉಪಸ್ಥಿತಿ ಎಂದು ಇಪ್ಪತ್ತಾರು ಹೆಸರು, ಅದರಲ್ಲಿ ಹನ್ನೊಂದು ತಂಬಾಕಿನ ವ್ಯಾಪಾರಿಗಳದು. ಕೊನೆಗೆ ಇರುವೆಯಂಥ ಅಕ್ಷರದಲ್ಲಿ ‘ನಂತರ ಗಾಯನ’. ಎಲ್ಲರೂ ಉಪಸ್ಥಿತರು, ಹಾಡೊಂದೇ ಅನುಪಸ್ಥಿತ. ಯಾರು ಹಾಡಿದರು, ಯಾರು ನುಡಿಸಿದರು, ದೇವರಿಗೇ ಗೊತ್ತು.

ಪ್ರೆಸ್ಸಿಗೆ ಈ ಮ್ಯಾಟರ್ ಬರೆದುಕೊಟ್ಟವರು ಯಾರು ಎಂದು ತಲೆಕೆಟ್ಟು ಕೇಳಿದೆ. ತಾನೇ ಎಂದರು ಕಾಕಾ, ನಲವತ್ತು ವರ್ಷವೂ. ಬೀಗನ ಹೆಸರಿನ ಕೆಳಗೆ ತನ್ನ ಹೆಸರು ಬಂತೆಂದು ಹೋಟೆಲ್ ಮಾಲಕನೊಬ್ಬ ಎರಡು ವರ್ಷ ಚರ್ಚಿಗೆ ಕಾಲಿಟ್ಟಿರಲಿಲ್ಲವಂತೆ. ಅಂಥದರಲ್ಲಿ ಬರೆಯುವವನೇ ತನ್ನ ಹೆಸರು ಬರೆದುಕೊಂಡರೆ ಮಂದಿ ಏನೆಂದಾರು?

ನನಗೆ ಗೋಡೆಗೆ ಹಣೆ ಬಡಿದುಕೊಳ್ಳಬೇಕೆನಿಸಿತು. ನಾನು ಕಮಿಟಿಗೆ ಹೇಳುತ್ತೇನೆ ಎಂದರೆ ಅದಕ್ಕೂ ಬೇಡವೆಂದರು. ಎಲ್ಲರಿಗೂ ಒಂದೇ ಕಾಯಿದೆ ಇರಲಿ ಎಂದರು. ಟ್ರಂಕು ಮುಚ್ಚುವಾಗ ಮಾತ್ರ ದನಿ ಇಳಿಯಿತು.

“ಶಾಲು ಬ್ಯಾಡಪಾ ಸಂಗ್ರಾಮ. ನಾ ಅಲ್ಲಿ ಇದ್ನಿ ಅನ್ನೂದು ಎಲ್ಲ್ಯಾರ ಒಂದ ಕಡೆ ಇದ್ರ ಸಾಕಿತ್ತು.”

ಆ ಮಾತು ನನ್ನೊಳಗೆ ಕೂತಿತು. ಜೊತೆಗೆ ನನ್ನ ಕಿಡಿಗೇಡಿತನವೂ ಎದ್ದು ಕೂತಿತು. ಟ್ರಂಕಿನಲ್ಲಿ 1994ರದೊಂದೇ ಪತ್ರಿಕೆ ಇರಲಿಲ್ಲ. ಚಿಕ್ಕೋಡಿಯಲ್ಲಿ ಪ್ರೆಸ್ ಇಟ್ಟಿರುವ ನನ್ನ ಕಾಲೇಜಿನ ಗೆಳೆಯ ಮಲ್ಲೇಶನಿಂದ ಆ ವರ್ಷದ್ದೊಂದನ್ನು ಹೊಸದಾಗಿ ಮಾಡಿಸಿದೆ, ಚಹಾದಲ್ಲಿ ಅದ್ದಿ ಹಳೆಯದಾಗಿಸಿದೆ. ಇಪ್ಪತ್ತಾರು ಉಪಸ್ಥಿತರ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಹಾರ್ಮೋನಿಯಂ ಸಾಮ್ರಾಟ ಶ್ರೀ ರಾವಸಾಹೇಬ’. ನಾಚಿ ನೀರಾಗುವ ಕಾಕಾನ ಮುಖ ನೋಡಬೇಕಿತ್ತು ನನಗೆ. ಟ್ರಂಕು ಕಮಿಟಿಗೆ ಹೋಗುವ ಮುನ್ನ ಮೆಲ್ಲಗೆ ಒಳಗೆ ಸೇರಿಸಿದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಸಭೆ ಸೇರಿತು. ಶಿವರಾಜರು ‘ಸಾಮ್ರಾಟ’ನನ್ನು ಮೂಗಿನಿಂದ ಓದಿದರು. ಎಲ್ಲರೂ ಕಾಕಾನತ್ತ ತಿರುಗಿದರು. ಕಾಕಾ ಕಾಗದ ಇಸಿದುಕೊಂಡು ಮೂಸಿ ನೋಡಿದರು.

“ತೊಂಬತ್ನಾಲ್ಕರಾಗ ನಾ ಬಾರಿಸೇ ಇಲ್ರಿ.”

ಆ ವರ್ಷದ ಪತ್ರಿಕೆಗಳನ್ನು ಅವರು ಹಾರ್ಮೋನಿಯಂ ಪೆಟ್ಟಿಗೆಯಲ್ಲೇ ಇಟ್ಟಿದ್ದರಂತೆ. ಇಲಿ ಹೊಕ್ಕು ಪತ್ರಿಕೆಯನ್ನೂ ತಿಂದಿತು, ಗಾಳಿ ಊದುವ ತಿದಿಯನ್ನೂ ತಿಂದಿತು. ಮಂದಿ ಬರೀ ಚಪ್ಪಾಳೆಯ ಮೇಲೆ ಹಾಡಿದರು. ಟ್ರಂಕಿನಲ್ಲಿ ಅದೊಂದು ವರ್ಷ ಖಾಲಿ ಇದ್ದದ್ದು ಅದಕ್ಕೇ. ನಾನು ಹುಡುಕಿ ಹುಡುಕಿ ಆರಿಸಿದ್ದೂ ಅದನ್ನೇ.

ಕಾಕಾ ನನ್ನತ್ತ ನೋಡಿದರು. “ನಲವತ್ತ ವರ್ಷದಾಗ ನಿನಗ ಬ್ಯಾರೆ ವರ್ಷ ಸಿಗಲಿಲ್ಲೇನಲೇ?”

ತಪ್ಪೊಪ್ಪಿಕೊಂಡೆ. ಶಿವರಾಜರು ಕೆಂಡವಾದರು. ಖೊಟ್ಟಿ ದಾಖಲೆ, ಕಾಕಾನ ಹೇಳಿಕೆ ಈಗಲೇ ಬರೆಯಿರಿ ಎಂದು ಕಾರ್ಯದರ್ಶಿ ನೀಲಮಳಿಗೆ ಹೇಳಿದರು. ಆಕೆ ಠರಾವು ಪುಸ್ತಕದಲ್ಲಿ ದುಂಡಗೆ ಬರೆದಳು. ಶಿವರಾಜರು ಸಹಿ ಹಾಕಿ, ಮೇಲೆ ಕಮಿಟಿಯ ಮೊಹರಿನ ಶಿಕ್ಕಾ ಒತ್ತಿದರು. ಆಮೇಲೆ ನೀಲಮ ಗಟ್ಟಿಯಾಗಿ ಓದಿದಳು: ‘ಶ್ರೀ ರಾವಸಾಹೇಬ ಇವರು ತಮ್ಮ ನಲವತ್ತು ವರ್ಷಗಳ ಪೈಕಿ 1994ರಲ್ಲಿ ಮಾತ್ರ ಹಾರ್ಮೋನಿಯಂ ನುಡಿಸಿರುವುದಿಲ್ಲ.’

“ಅಂದ್ರ ಉಳದ ಮೂವತ್ತೊಂಬತ್ತ ವರ್ಷ ಬಾರಿಸ್ಯಾರಂತ ಆತಲ್ರಿ?” ಎಂದಳು.

ಶಿವರಾಜರು ಪುಸ್ತಕ ಎಳೆದುಕೊಂಡು ಎರಡು ಸಲ ಓದಿದರು. ಸಹಿ ಅವರದೇ, ಶಿಕ್ಕಾ ಅವರದೇ. ಛಾಪಿಸಿದ್ದಕ್ಕಿಂತ ಶಿಕ್ಕಾ ದೊಡ್ಡದು ಎಂಬುದು ತಲಾಟಿಗಲ್ಲದೆ ಇನ್ಯಾರಿಗೆ ಗೊತ್ತು? ಹಾಗಾದರೆ ಒಂದು ಶಾಲು ತರಿಸಬೇಕು ಎಂದು ಮೂಗಿನಲ್ಲೇ ಗೊಣಗಿದರು.

ಮೊದಲು ನೀಲಮ ನಕ್ಕಳು, ಆಮೇಲೆ ನಾನು, ಆಮೇಲೆ ಸಭೆಯೆಲ್ಲ. ಕಾಕಾ ಆ ಸಾಲನ್ನು ಬೆರಳಿಟ್ಟು ತಾವೇ ಓದಿದರು, ಬೆಂಚು ಹಿಡಿದುಕೊಂಡು ಕೂತರು. ಆಮೇಲೆ ಅವರಿಗೆ ಬಂದ ನಗೆಯ ಅಬ್ಬರಕ್ಕೆ ನಮ್ಮ ನಗೆ ನಮಗೇ ಕೇಳಿಸಲಿಲ್ಲ. ಹೊರಗೆ ಚಪ್ಪಲಿ ಮೆಟ್ಟುತ್ತಿದ್ದವರೂ ಏನಾಯಿತೆಂದು ಮತ್ತೆ ಒಳಗೆ ಬಂದರು.