ಹೊಲಿಗೆಯಮ್ಮನ ತರಕಾರಿ ಮಡಿ

ಹೊಲಿಗೆಯಮ್ಮ ತನ್ನ ಜೀವಮಾನದಲ್ಲಿ ಒಂದು ಕೊತ್ತಂಬರಿ ಬೀಜವನ್ನೂ ಮಣ್ಣಿಗೆ ಹಾಕಿದವಳಲ್ಲ. ಅಂಥವಳು, ನೀರಿನ ಟ್ಯಾಂಕಿನ ಹಿಂದೆ ತರಕಾರಿ ಬೆಳೆಯುವವರಿಗೆಂದು ಪುರಸಭೆಯವರು ಹಂಚುತ್ತಿದ್ದ ಜಾಗದಲ್ಲಿ ತನಗೂ ಒಂದು ತುಂಡು ಬೇಕೆಂದು ಹಟ ಹಿಡಿದು ಪಡೆದುಕೊಂಡಳು ಎಂದರೆ ಬೀದಿಯವರು ನಗದೆ ಇನ್ನೇನು ಮಾಡುತ್ತಾರೆ? ನಗಲಿ ಬಿಡಿ. ಅವಳ ಸಂಕಟ ಅವಳಿಗೇ ಗೊತ್ತು.

ಸಂಕಟವೆಲ್ಲ ಸೊಸೆಯ ಕುರಿತೇ. ಮಗ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಅವಳು ಔಷಧಿ ಅಂಗಡಿಯ ಕೆಲಸಕ್ಕೆ ಹೋಗುವವಳು, ಇವಳು ಹೊಲಿಗೆ ಯಂತ್ರದ ಮುಂದೆ ಕೂರುವವಳು. ಯಂತ್ರದ ಮೋಟಾರು ಕೆಟ್ಟಾಗ ರಿಪೇರಿಗೆಂದು ಬಂದ ಎಲೆಕ್ಟ್ರಿಷಿಯನ್, ಮೋಟಾರು ಸರಿಹೋದ ಮೇಲೂ ಬರತೊಡಗಿದ. "ಸ್ವಿಚ್ ನೋಡೋಣ ಅಂತ ಬಂದೆ" ಅನ್ನುತ್ತಿದ್ದ. ಸ್ವಿಚ್ಚಿಗೇನು ಬಂದಿತ್ತು ರೋಗ! ಅವನು ಬಂದ ದಿನ ಸೊಸೆಯ ಮುಖ ಅರಳುವುದನ್ನು ಹೊಲಿಗೆಯಮ್ಮ ಕನ್ನಡಕದ ಮೇಲಿಂದ ನೋಡುತ್ತಲೇ ಇದ್ದಳು. ಒಂದು ದಿನ ಅವನು ಧೈರ್ಯ ಮಾಡಿ ಮದುವೆಯ ಮಾತೆತ್ತಿದ. "ಅತ್ತೇನ ಒಬ್ಬರನ್ನೇ ಬಿಟ್ಟು ನಾನು ಎಲ್ಲಿಗೂ ಬರಲ್ಲ" ಎಂದುಬಿಟ್ಟಳು ಸೊಸೆ. ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡ ಹೊಲಿಗೆಯಮ್ಮನಿಗೆ ಒಂದು ಗಳಿಗೆ ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ತನ್ನ ಮೇಲೇ ಕೆಂಡದಂಥ ಸಿಟ್ಟು ಬಂತು.

ಅವಳ ಉಪಾಯ ಇಷ್ಟೇ. ತನಗೂ ಒಂದು ಕೆಲಸವಿದೆ, ಮಾತಿಗೆ ಜನರಿದ್ದಾರೆ, ಒಬ್ಬಳೇ ಗಟ್ಟಿಯಾಗಿ ಬದುಕಬಲ್ಲೆ ಎಂದು ತೋರಿಸಿಬಿಟ್ಟರೆ ಹುಡುಗಿ ನಿಶ್ಚಿಂತೆಯಿಂದ ಹೊರಡುತ್ತಾಳೆ. ತೋರಿಸುವುದಕ್ಕೆ ಸಿಕ್ಕಿದ್ದು ಈ ತುಂಡು ನೆಲ.

ನೆಲ ನೋಡಿದರೆ ಅಳು ಬರಬೇಕು. ಸೊಂಟದೆತ್ತರ ಕಳೆ, ಒಡೆದ ಹೆಂಚು, ಯಾರೋ ಎಸೆದುಹೋದ ಸೈಕಲ್ ಟೈರು. ಹೊಲಿಗೆಯಮ್ಮ ಸೆರಗು ಬಿಗಿದು ಕುಡುಗೋಲು ಹಿಡಿದಳು. ಕಳೆ ಕೊಯ್ದು ಮೂಲೆಗೆ ಒಟ್ಟಿದಳು. ಕಲ್ಲು ಆರಿಸಿ ಬೇಲಿಯ ಬುಡಕ್ಕೆ ಹಾಕಿದಳು. ಗರಿಕೆ ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಇಲ್ಲಿ ಎಳೆದರೆ ಅಲ್ಲಿ ಅಲುಗುತ್ತಿತ್ತು. "ನಿನ್ನ ಮನೆ ಹಾಳಾಗ" ಎಂದು ಬೈಯುತ್ತ ಒಂದೊಂದೇ ಬೇರು ಬಿಡಿಸಿದಳು. ಪಕ್ಕದ ತುಂಡಿನ ಅಂಚೆಯಣ್ಣ ಗುದ್ದಲಿ ಕೊಟ್ಟ, ಗೊಬ್ಬರ ಬೆರೆಸುವುದನ್ನು ಹೇಳಿಕೊಟ್ಟ. ಸೊಸೆ "ನಾನೂ ಬರ್ತೀನಿ" ಅಂದಾಗಲೆಲ್ಲ "ಆ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ" ಎಂಬ ಉತ್ತರ ಸಿದ್ಧವಿತ್ತು. ರಾತ್ರಿ ಬೆನ್ನಿಗೆ ಮುಲಾಮು ಹಚ್ಚುವಾಗ ಮಾತ್ರ ಆ ಸೊಸೆಯೇ ಬೇಕಾಗುತ್ತಿದ್ದಳು!

ಮಡಿ ಮಾಡುವ ದಿನ ಹೊಲಿಗೆಯಮ್ಮ ತನ್ನ ಕಸುಬನ್ನೇ ನಂಬಿದಳು. ರವಿಕೆಗೆ ಕತ್ತರಿಸುವ ಹಾಗೆ ಹಳೆಯ ಪೇಪರಿನಲ್ಲಿ ಅಳತೆ ಕತ್ತರಿಸಿದಳು: ಬದನೆಗೊಂದು, ಬೆಂಡೆಗೊಂದು, ಸೊಪ್ಪಿಗೊಂದು. ನೆಲದ ಮೇಲೆ ಹಾಸಿ, ಹಾರದಂತೆ ಕಲ್ಲಿಟ್ಟು, ಆಚೀಚೆ ಸರಿಸಿ ಸರಿಸಿ ಹೊಂದಿಸಿದಳು. ಗಿರಾಕಿಯ ಬಟ್ಟೆ ಒಂದಿಂಚೂ ಹಾಳಾಗಬಾರದು ಎಂಬುದು ಅವಳ ಕೈಗೆ ಅಂಟಿದ ಅಭ್ಯಾಸ. ಆಮೇಲೆ ಅದೇ ಅಳತೆಗೆ ಅಗೆದು, ಮಣ್ಣು ಏರಿಸಿ, ಅಂಚು ತಟ್ಟಿ ನಿಲ್ಲಿಸಿದಳು. ಮಡಿ ಮಡಿಗೂ ನಡುವೆ ಹೊಲಿಗೆಗೆ ಬಿಡುವಷ್ಟೇ ಸಂದು. ನೋಡಲು ಕಣ್ಣಿಗೆ ಹಬ್ಬ. ಇನ್ನು ತೋರಿಸಬಹುದು ಎಂದುಕೊಂಡು ರಜೆಯ ದಿನ ಸೊಸೆಯನ್ನು ಕೈಹಿಡಿದು ಕರೆತಂದಳು.

ಸೊಸೆ ಒಂದು ಸುತ್ತು ನೋಡಿದಳು. ಇನ್ನೊಂದು ಸುತ್ತು ನೋಡಿದಳು.

"ಅತ್ತೆ, ತುಂಬಾ ಚೆನ್ನಾಗಿದೆ. ಆದ್ರೆ ನೀರು ಹಾಕೋಕೆ ಕಾಲು ಎಲ್ಲಿಡೋದು?"

ಹೊಲಿಗೆಯಮ್ಮ ಬಗ್ಗಿ ಮಡಿಗಳ ಸಂದು ನೋಡಿದಳು. ಓಡಾಡಲು ದಾರಿಯೇ ಇಲ್ಲ! ಬೇಲಿಯಿಂದ ಬೇಲಿಯವರೆಗೂ ಮಡಿಯೇ. ಸೊಸೆಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದು ನೋಡಿ ಇವಳಿಗೂ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸೊಸೆ ಕಣ್ಣೊರೆಸಿಕೊಂಡು ಹೇಳಿದಳು, "ನೋಡಿದ್ರಾ? ಇದಕ್ಕೇ ನಾನು ಹೇಳೋದು. ನಿಮ್ಮನ್ನ ಒಬ್ಬರನ್ನೇ ಹೇಗೆ ಬಿಟ್ಟು ಹೋಗ್ಲಿ?"

ಮುಗಿಯಿತು. ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹೊಲಿಗೆಯಮ್ಮ ಬೇಲಿಯ ಪಕ್ಕ ಕುಸಿದು ಕೂತಳು.

"ಹೌದು ಕಣೆ, ನಂಗೆ ಬರಲ್ಲ," ಅಂದಳು. "ನೀನು ಹೋದ್ರೆ ಅಳ್ತೀನಿ. ಒಂದು ವಾರ ಊಟ ಸೇರಲ್ಲ. ಸುಳ್ಳು ಯಾಕೆ ಹೇಳಲಿ? ಆದ್ರೆ ನೀನು ನನ್ನ ಮುಖ ನೋಡ್ಕೊಂಡು ಇಲ್ಲೇ ಮುದುಕಿಯಾದ್ರೆ ಅದನ್ನ ನಾನು ಹೇಗೆ ತಡ್ಕೊಳ್ಳಲಿ?"

"ಯಾರು ತಡ್ಕೊಳ್ಳಿ ಅಂದಿದ್ದು? ಇದು ನನ್ನ ಮನೆ. ನಾನಿರ್ತೀನಿ."

"ಅಯ್ಯೋ ಪೆದ್ದಿ!" ಹೊಲಿಗೆಯಮ್ಮ ಅವಳ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಹೆತ್ತವರನ್ನ ಕಂಡವಳಲ್ಲ ನೀನು. ಸಾಕಿದ ಚಿಕ್ಕಪ್ಪ ಮದುವೆ ಮಾಡಿ ಕೈ ತೊಳ್ಕೊಂಡ. ತವರಿಗೆ ಹೋಗ್ತೀನಿ ಅಂತ ಒಂದು ದಿನಾನೂ ನೀನು ಬಟ್ಟೆ ಜೋಡಿಸಿದ್ದು ನಾನು ನೋಡ್ಲಿಲ್ಲ. ಇಲ್ಲೇ ಇದ್ರೆ ಇದು ಯಾವತ್ತಿದ್ರೂ ನಿಂಗೆ ಅತ್ತೆಮನೆ. ನೀನು ಹೊರಟ್ರೆ ತಾನೇ ತವರುಮನೆ ಆಗೋದು?"

ಸೊಸೆ ಹೊಲಿಗೆಯಮ್ಮನ ಮಣ್ಣು ಮೆತ್ತಿದ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆಯೂ ಅತ್ತಳು. ಅಂಚೆಯಣ್ಣ ಆಚೆ ತಿರುಗಿ, ಆಗಲೇ ನೀರುಂಡ ಟೊಮೆಟೊ ಗಿಡಗಳಿಗೆ ಮತ್ತೊಮ್ಮೆ ನೀರು ಹಾಕಿದ.

ಸ್ವಲ್ಪ ಹೊತ್ತಾದ ಮೇಲೆ ಸೊಸೆ ಮೂಗೊರೆಸಿಕೊಂಡು ಎದ್ದು, ಬೇಲಿಗುಂಟ ನಾಲ್ಕು ಹೆಜ್ಜೆ ಹೋಗಿ ಫೋನು ಮಾಡಿದಳು. ಆ ಕಡೆ ಯಾರು ಎತ್ತಿದರೆಂದು ಹೊಲಿಗೆಯಮ್ಮನಿಗೆ ಅವಳ ದನಿಯಲ್ಲೇ ಗೊತ್ತಾಯಿತು.

"ಈಗ ಬಿಡುವಾಗಿದೀರಾ?" ಎನ್ನುತ್ತಿದ್ದಳು ಸೊಸೆ. "ಹಾಗಾದ್ರೆ ಟ್ಯಾಂಕಿನ ಹಿಂದೆ ಬನ್ನಿ. ನಮ್ಮ ತವರಲ್ಲಿ ಸ್ವಲ್ಪ ಅಗೆಯೋ ಕೆಲಸ ಇದೆ."