ತೊಳೆದ ಮೂಸೆ

ಆಯುಧಪೂಜೆ ಬಂತೆಂದರೆ ನಮ್ಮ ಕೊಪ್ಪದ ಮನೆಯಲ್ಲಿ ತೊಳೆಯದೆ ಉಳಿಯುವ ವಸ್ತುವೇ ಇಲ್ಲ. ನನ್ನ ಗಂಡ ಹೂವಪ್ಪ ಹಿತ್ತಾಳೆ ಗಂಟೆ ಎರಕ ಹೊಯ್ಯುವವರು. ಇಕ್ಕಳ, ಸುತ್ತಿಗೆ ಎಲ್ಲಕ್ಕೂ ಸ್ನಾನ. 2006ರ ಪೂಜೆಗೆ, ಆಗಷ್ಟೇ ಹೊಸದಾಗಿ ತಂದ ಮೂಸೆಯನ್ನೂ, ಅಂದರೆ ಲೋಹ ಕರಗಿಸುವ ಪಾತ್ರೆಯನ್ನೂ, ನಾನೇ ಬಾವಿಕಟ್ಟೆಯಲ್ಲಿ ತಿಕ್ಕಿ ತೊಳೆದು ಕುಂಕುಮ ಇಟ್ಟೆ. ಎಂಥ ಬುದ್ಧಿ ನೋಡಿ ನನ್ನದು!

ಮರುದಿನ ವಿಜಯದಶಮಿ. ಒಳ್ಳೆಯ ಮುಹೂರ್ತದಲ್ಲಿ ಒಂದು ಎರಕ ಹೊಯ್ಯುವುದು ನಮ್ಮಲ್ಲಿ ರೂಢಿ. ಕುಲುಮೆ ಕೆಂಪಗೆ ಉರಿಯುತ್ತಿತ್ತು. ಇವರು ಮೂಸೆಗೆ ಹಿತ್ತಾಳೆ ಚೂರು ತುಂಬುತ್ತಿರುವಾಗ ನರಸಿಂಹರಾಜಪುರದಿಂದ ಕರಿಯಣ್ಣ ಬಂದರು. ಭದ್ರಾವತಿಯಲ್ಲಿ ಇಪ್ಪತ್ತು ವರ್ಷ ಎರಕದ ಕೆಲಸ ಮಾಡಿದವರು, ಇವರ ಹಳೇ ಸ್ನೇಹಿತ.

ಮೂಸೆ ಮುಟ್ಟಿ ನೋಡಿದ ಕರಿಯಣ್ಣ, "ಇದೆಂತ ಮಾರಾಯ, ಥಂಡಿ ಇದೆಯಲ್ಲ! ತೊಳೆದ್ಯಾ?" ಎಂದರು.

"ಪೂಜೆಗೆ ತೊಳೀದೆ ಇಡಕ್ಕಾಗ್ತದಾ? ಬೆಂಕಿಗಿಟ್ರೆ ನೀರು ಎಲ್ಲಿ ಉಳೀತದೆ? ನಮ್ಮಪ್ಪ ಇದೆಲ್ಲ ನೋಡ್ತಾನೇ ಇರ್ಲಿಲ್ಲ," ಎಂದರು ಇವರು.

"ನಿಮ್ಮಪ್ಪಂದು ಕೈಯಲ್ಲೇ ಮಾಡಿದ ಮಣ್ಣಿನ ಮೂಸೆ. ಒಂದು ಎರಕಕ್ಕೆ ಒಡೆದು ಹಾಕೋದು. ತೊಳೆಯಕ್ಕೆ ಎಲ್ಲಿ ಉಳೀತಿತ್ತು? ಇದು ಗ್ರಾಫೈಟ್‌ದು. ಹಿತ್ತಾಳೆ, ಕಂಚು, ತಾಮ್ರಕ್ಕೆ ಬಹಳ ಒಳ್ಳೇದು, ಹತ್ತಾರು ಎರಕ ಬರ್ತದೆ. ಆದ್ರೆ ನೀರು ಕುಡೀತದೆ. ಒಮ್ಮೆಲೇ ಬೆಂಕಿಗಿಟ್ರೆ ಒಳಗಿನ ನೀರು ಆವಿಯಾಗಿ ಒಡೀತದೆ."

"ಮುಹೂರ್ತ ಮೀರ್ತದೆ ಕರಿಯಣ್ಣ!"

"ಆಯ್ತು, ಹಿತ್ತಾಳೆ ತೆಗಿ. ಖಾಲಿ ಇಟ್ಟು ದೂರ ನಿಂತು ನೋಡು. ಅಷ್ಟೇ ನಾನು ಕೇಳೋದು."

ಇವರು ಗೊಣಗುತ್ತಲೇ ಖಾಲಿ ಮೂಸೆಯನ್ನು ಕುಲುಮೆಗೆ ಇಟ್ಟರು. ಐದು ನಿಮಿಷವೂ ಆಗಿರಲಿಲ್ಲ, ಫಟ್ ಎಂದು ಸದ್ದಾಯಿತು. ಮೂಸೆ ತಳದಿಂದ ಅಂಚಿನವರೆಗೆ ಸೀಳಿತ್ತು.

ಇವರು ತಮ್ಮ ಬರಿಗಾಲನ್ನೇ ನೋಡುತ್ತಾ ನಿಂತರು. ಕರಗಿದ ಹಿತ್ತಾಳೆ ಅದರಲ್ಲಿದ್ದಿದ್ದರೆ? ನನಗೆ ಅಳು ತಡೆಯಲಾಗಲಿಲ್ಲ. "ತೊಳೆದಿದ್ದು ನಾನೇ ಕರಿಯಣ್ಣ. ಇವರ ಕಾಲು ಉಳಿಸಿಕೊಟ್ರಿ," ಎಂದು ಕೈ ಮುಗಿದೆ.

"ಕೈ ಮುಗಿಯೋದು ಬಿಡಿ ಸರ್ವಮಂಗಳಕ್ಕ, ಒಂದು ಕಾಫಿ ಕೊಡಿ," ಎಂದರು ಆ ಪುಣ್ಯಾತ್ಮ. ಕುಡಿಯುತ್ತಾ ಇನ್ನಷ್ಟು ಹೇಳಿದರು. ಚಿನ್ನ ಬೆಳ್ಳಿಗೆ ಸಣ್ಣ ಜೇಡಿಮಣ್ಣಿನ ಮೂಸೆ, ಸೀಸ ತವರಕ್ಕೆ ಕಬ್ಬಿಣದ್ದೇ ಸಾಕು. ಒಂದು ಲೋಹ ಕರಗಿಸಿದ ಮೂಸೆಗೆ ಇನ್ನೊಂದು ಲೋಹ ಹಾಕಲೇಬಾರದು.

ಮುಹೂರ್ತ ತಪ್ಪಿತು. ಇವರು ಪೇಟೆಗೆ ಹೋಗಿ ದಪ್ಪ ಬೂಟು ತಂದರು.

ಎರಕದ ಕೆಲಸವಿರುವ ಮನೆಯ ಅಕ್ಕತಂಗಿಯರೇ, ಪೂಜೆಯ ದಿನ ಮೂಸೆಗೆ ಕುಂಕುಮ ಇಟ್ಟರೆ ಸಾಕು, ನೀರು ಬೇಡ. ಮಳೆಗಾಲದಲ್ಲಿ ಒಲೆಯ ಹತ್ತಿರ ಬೆಚ್ಚಗಿಡಿ. ಬಿರುಕು ಕಂಡರೆ ಆಸೆಪಡದೆ ಎಸೆಯಿರಿ. ಪ್ರತಿ ಸಲವೂ ಮೊದಲು ಸಣ್ಣ ಉರಿಯಲ್ಲಿ ಖಾಲಿ ಕಾಯಿಸಿ, ಆಮೇಲೆ ಲೋಹ ಹಾಕಲು ಹೇಳಿ. ನನ್ನ ಗಂಡ ದಿನಾ ಮಧ್ಯಾಹ್ನ ತಮ್ಮ ಎರಡು ಕಾಲಲ್ಲಿ ನಡೆದು ಊಟಕ್ಕೆ ಬರುತ್ತಾರೆ. ನಿಮ್ಮ ಮನೆಯವರೂ ಹಾಗೇ ಬರಲಿ.